ಅಗ್ಗದ ಪಿಸ್ತೂಲನ್ನು ಪರೀಕ್ಷೆ ಮಾಡುವವರು ಯಾರು?

ಸಂತೆಯ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಪಂಪ್‌ಸೆಟ್ ಕೊಳ್ಳುವಾಗ ಐಎಸ್‌ಐ ಗುರುತು ಇದೆಯಾ ಅಂತ ನೋಡುತ್ತೇವೆ. ಆದರೆ ಅಮೆರಿಕದಲ್ಲಿ ಲಕ್ಷಾಂತರ ಮನೆಗಳಲ್ಲಿರುವ ಪಿಸ್ತೂಲಿಗೆ ದೇಶಕ್ಕೆಲ್ಲ ಅನ್ವಯಿಸುವ ಇಂಥ ಗುರುತು ಇಲ್ಲ. ಗ್ರಾಹಕ ವಸ್ತುಗಳ ಸುರಕ್ಷತೆಗೆ 1972ರಲ್ಲಿ ಅಲ್ಲಿ ಒಂದು ಆಯೋಗ ಮಾಡಿದರು. ಮಕ್ಕಳ ಆಟಿಕೆ ಬಂದೂಕು ಆ ಆಯೋಗದ ಕೈಕೆಳಗೆ ಬರುತ್ತದೆ, ನಿಜವಾದ ಬಂದೂಕು ಬರುವುದಿಲ್ಲ. ಹಾಗಾದರೆ ಒಂದು ಪಿಸ್ತೂಲು ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳುವವರು ಯಾರು? ಈ ಪ್ರಶ್ನೆಯ ಹಿಂದೆ ದೊಡ್ಡ ಇತಿಹಾಸವಿದೆ.

ಮೊದಲು ಯಂತ್ರವನ್ನು ತಿಳಿದುಕೊಳ್ಳೋಣ. ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರುತ್ತದೆ. ಆ ಸ್ಫೋಟದ ರಭಸಕ್ಕೆ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಸ್ಪ್ರಿಂಗ್ ಅದನ್ನು ಮತ್ತೆ ಮುಂದಕ್ಕೆ ತಳ್ಳುವಾಗ ಹಿಡಿಯೊಳಗಿನ ಮ್ಯಾಗಜೀನಿನಿಂದ ಹೊಸ ತೋಟಾ ನಳಿಗೆಗೆ ಹೋಗುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಆಗಬೇಕು. ಹೀಗಾಗಿ ಪಿಸ್ತೂಲಿಗೆ ಕೇಳಬೇಕಾದ ಪ್ರಶ್ನೆ ಮೂರು. ಒತ್ತಡಕ್ಕೆ ಒಡೆಯದೆ ತಾಳುತ್ತದೆಯೇ? ಸಿಕ್ಕಿಕೊಳ್ಳದೆ ಕೆಲಸ ಮಾಡುತ್ತದೆಯೇ? ನಾವು ಬೇಡ ಅಂದಾಗ ಸುಮ್ಮನಿರುತ್ತದೆಯೇ?

ಮೊದಲ ಪ್ರಶ್ನೆಗೆ ಯೂರೋಪಿನವರು ಹಿಂದೆಯೇ ದಾರಿ ಕಂಡುಕೊಂಡಿದ್ದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಲ್ಲಿ ಕಾನೂನಿನ ಮೂಲಕವೇ ಬಂದೂಕು ಪರೀಕ್ಷಾ ಮನೆ ಬಂತು. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡುವುದು, ನಳಿಗೆ ಒಡೆಯದಿದ್ದರೆ ಮುದ್ರೆ ಒತ್ತುವುದು ಅಲ್ಲಿನ ಕ್ರಮ.

ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದ್ದು ಅಮೆರಿಕದ ಸೇನೆ. ಹೊಸ ಪಿಸ್ತೂಲು ಆರಿಸಲು ಅದು ಕೋಲ್ಟ್ ಮತ್ತು ಸ್ಯಾವೇಜ್ ಕಂಪನಿಗಳ ಪಿಸ್ತೂಲುಗಳಿಂದ ತಲಾ 6,000 ಗುಂಡು ಹಾರಿಸಿತು. ಬಿಸಿಯಾದರೆ ನೀರಿನಲ್ಲಿ ಅದ್ದಿ ಮತ್ತೆ ಹಾರಿಸಿದರು. ಸ್ಯಾವೇಜ್ 37 ಸಲ ಕೈಕೊಟ್ಟಿತು, ಕೋಲ್ಟ್ ಒಂದು ಸಲವೂ ಕೈಕೊಡಲಿಲ್ಲ. 1911ರ ಮಾರ್ಚ್ 29ರಂದು ಸೇನೆ ಕೋಲ್ಟನ್ನು ಒಪ್ಪಿಕೊಂಡಿತು.

ಕೊಳ್ಳುವವರಿಗೆ ಅವಸರವಾದಾಗ ಏನಾಗುತ್ತದೆ ಅನ್ನುವುದು ನಾಲ್ಕೇ ವರ್ಷದಲ್ಲಿ ಗೊತ್ತಾಯಿತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಪಿಸ್ತೂಲುಗಳ ಕೊರತೆಯಾಯಿತು. 1915ರಲ್ಲಿ ಅದು ಸ್ಪೇನಿನ ಐಬಾರ್ ಕಡೆಯ ಗಾಬಿಲೊಂಡೊ ಕಂಪನಿಗೆ ತಿಂಗಳಿಗೆ 10,000 'ರೂಬಿ' ಪಿಸ್ತೂಲು ಕೇಳಿತು, ಆಮೇಲೆ 30,000 ಕೇಳಿತು. ಒಂದು ಕಾರ್ಖಾನೆಯಿಂದ ಅದು ಆಗುವ ಮಾತಲ್ಲ. ಕೆಲಸ ಹತ್ತಾರು ಸಣ್ಣ ಕಾರ್ಖಾನೆಗಳಿಗೆ ಹಂಚಿಹೋಯಿತು. ನೋಡಲು ಎಲ್ಲವೂ ಒಂದೇ ಥರ, ಆದರೆ ಒಬ್ಬರು ಮಾಡಿದ ಮ್ಯಾಗಜೀನ್ ಇನ್ನೊಬ್ಬರು ಮಾಡಿದ ಪಿಸ್ತೂಲಿಗೆ ಕೂರುತ್ತಿರಲಿಲ್ಲ. ಯಾವುದು ಯಾವುದಕ್ಕೆ ಅಂತ ತಿಳಿಯಲು ತಯಾರಕರ ಗುರುತಿನ ಅಕ್ಷರಗಳನ್ನು ಒತ್ತಬೇಕಾಯಿತು. ಮಾದರಿ ಚೆನ್ನಾಗಿದ್ದರೆ ಸಾಲದು, ಸಾವಿರದ ಒಂದನೆಯದೂ ಮೊದಲನೆಯದರಂತೆಯೇ ಇರಬೇಕು. ಅದೇ ಗುಣಮಟ್ಟ.

ಸೇನೆಗಾದರೆ ಪರೀಕ್ಷಿಸಲು ಅಧಿಕಾರಿಗಳಿದ್ದರು. ಸಾಮಾನ್ಯ ಜನರಿಗೆ ಯಾರೂ ಇರಲಿಲ್ಲ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಹತ್ಯೆಗಳ ನಂತರ ಅಮೆರಿಕ ಬಂದೂಕು ನಿಯಂತ್ರಣ ಕಾನೂನು ತಂದಿತು. ಹೊರದೇಶದಿಂದ ಬರುವ ಪಿಸ್ತೂಲಿನ ಉದ್ದ, ತೂಕ, ಸುರಕ್ಷತಾ ಭಾಗಗಳಿಗೆ ಅಂಕ ಕೊಡುವ ಪದ್ಧತಿ ಶುರುವಾಯಿತು. ಅಂಕ ಸಾಲದ ಅಗ್ಗದ ಪುಟ್ಟ ಪಿಸ್ತೂಲುಗಳು ಬಂದರಿನಲ್ಲೇ ನಿಂತವು. ಆದರೆ ದೇಶದೊಳಗೆ ತಯಾರಾಗುವ ಪಿಸ್ತೂಲಿಗೆ ಈ ಅಂಕಪಟ್ಟಿ ಅನ್ವಯಿಸಲಿಲ್ಲ. ಬಾಗಿಲು ಹಾಕಿದರು, ಹಿತ್ತಿಲು ತೆರೆದೇ ಇತ್ತು.

ಆ ಹಿತ್ತಿಲಿನಿಂದ ಒಳಗೆ ಬಂದವರು ಜಾರ್ಜ್ ಜೆನ್ನಿಂಗ್ಸ್. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರು ರೇವನ್ ಆರ್ಮ್ಸ್ ಕಂಪನಿ ಶುರುಮಾಡಿದರು. ಉಕ್ಕನ್ನು ಕೊರೆದು ಮಾಡುವ ಬದಲು ಸತುವಿನ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಹೊಯ್ದರು. ಆಟಿಕೆ ಕಾರು, ಬಾಗಿಲ ಹಿಡಿಕೆ ಮಾಡುವ ಲೋಹ ಅದು. ಉಕ್ಕು ಕರಗಲು 1,400 ಡಿಗ್ರಿಯ ಹತ್ತಿರ ಶಾಖ ಬೇಕು, ಇದಕ್ಕೆ 400 ಡಿಗ್ರಿಯೊಳಗೆ ಸಾಕು. ಪಿಸ್ತೂಲಿನ ಬೆಲೆ ನೂರು ಡಾಲರಿಗಿಂತ ಕೆಳಗಿಳಿಯಿತು. ಮುಂದೆ ಅವರ ಮಗ, ಅಳಿಯ, ಪರಿಚಯದವರು ಬ್ರೈಕೊ, ಡೇವಿಸ್, ಲಾರ್ಸಿನ್ ಮುಂತಾದ ಕಂಪನಿ ತೆರೆದರು. ವೈದ್ಯ ಗ್ಯಾರೆನ್ ವಿಂಟೆಮ್ಯೂಟ್ 1994ರ ತಮ್ಮ ವರದಿಯಲ್ಲಿ ಲಾಸ್ ಏಂಜಲೀಸ್ ಸುತ್ತಲಿನ ಈ ಗುಂಪಿಗೆ 'ಬೆಂಕಿಯ ಉಂಗುರ' ಅಂತ ಹೆಸರಿಟ್ಟರು.

ಅದೇ 1994ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮನೆಯಲ್ಲಿ ಏಳು ವರ್ಷದ ಹುಡುಗನಿಗೆ ಗುಂಡು ತಗುಲಿತು. ಹಾರಿಸಬೇಕೆಂದು ಯಾರೂ ಹಾರಿಸಿದ್ದಲ್ಲ. ಮನೆಗೆ ಪರಿಚಯದ ಯುವಕನೊಬ್ಬ ಬ್ರೈಕೊ ಪಿಸ್ತೂಲಿನಿಂದ ತೋಟಾ ತೆಗೆಯಲು ಹೊರಟಿದ್ದ. ಆ ಮಾದರಿಯಲ್ಲಿ ತೋಟಾ ತೆಗೆಯಲು ಸ್ಲೈಡ್ ಎಳೆಯಬೇಕು, ಸ್ಲೈಡ್ ಎಳೆಯಲು ಸುರಕ್ಷತಾ ಬೀಗವನ್ನೇ ತೆಗೆಯಬೇಕು. ಅಂದರೆ ಪಿಸ್ತೂಲನ್ನು ನಿರಪಾಯ ಮಾಡಲು ಮೊದಲು ಅಪಾಯಕ್ಕೆ ತರಬೇಕು. ಹುಡುಗ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡ.

2003ರಲ್ಲಿ ನ್ಯಾಯಾಲಯದ ಜ್ಯೂರಿ ವಿನ್ಯಾಸದಲ್ಲೇ ದೋಷವಿದೆ ಎಂದಿತು. ತಯಾರಕರು ಮತ್ತು ಮಾರಾಟಗಾರರ ಪಾಲಿಗೆ ಸುಮಾರು 2.4 ಕೋಟಿ ಡಾಲರ್ ಪರಿಹಾರ ಬಿತ್ತು. ಬ್ರೈಕೊ ದಿವಾಳಿ ಅರ್ಜಿ ಹಾಕಿತು. 2004ರಲ್ಲಿ ಅದರ ಆಸ್ತಿ ಹರಾಜಿಗೆ ಬಂದಾಗ, ಉಳಿದ ಪಿಸ್ತೂಲುಗಳನ್ನೆಲ್ಲ ಕರಗಿಸಿಬಿಡಬೇಕೆಂದು ಆ ಹುಡುಗನ ಕಡೆಯವರು ದೇಣಿಗೆ ಕೂಡಿಸಿ 5,05,000 ಡಾಲರ್ ಕೂಗಿದರು. ಕಂಪನಿಯಲ್ಲೇ ಮೇಸ್ತ್ರಿಯಾಗಿದ್ದವರು 5,10,000 ಕೂಗಿ ಗೆದ್ದರು. ಬೇರೆ ಹೆಸರಿನಲ್ಲಿ ಪಿಸ್ತೂಲು ತಯಾರಿಕೆ ಮತ್ತೆ ಶುರುವಾಯಿತು.

ಇಷ್ಟು ಓದಿದ ಮೇಲೆ 'ಅಗ್ಗದ್ದೇ ಕೆಟ್ಟದ್ದು' ಅನ್ನಿಸಬಹುದು. ಇತಿಹಾಸ ಹಾಗೆ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲಿ ಒಂದು ಕಾನೂನು ಮಾಡಿತು. 2001ರಿಂದ ಅಲ್ಲಿ ಹೊಸ ಮಾದರಿ ಮಾರಬೇಕಾದರೆ ಮೂರು ಪಿಸ್ತೂಲುಗಳನ್ನು ಪ್ರಯೋಗಾಲಯಕ್ಕೆ ಕೊಡಬೇಕು. ಪ್ರತಿಯೊಂದರಿಂದ 600 ಗುಂಡು ಹಾರಿಸುತ್ತಾರೆ. ಮೊದಲ 20ರಲ್ಲಿ ಒಂದೂ ತಪ್ಪಬಾರದು, ಒಟ್ಟಿನಲ್ಲಿ ಆರಕ್ಕಿಂತ ಹೆಚ್ಚು ಸಲ ಕೈಕೊಡಬಾರದು. ಜೊತೆಗೆ ಒಂದು ಮೀಟರಿಗಿಂತ ತುಸು ಎತ್ತರದಿಂದ ಕಾಂಕ್ರೀಟಿನ ಮೇಲೆ ಬೇರೆಬೇರೆ ಭಂಗಿಯಲ್ಲಿ ಬೀಳಿಸುತ್ತಾರೆ. ತಾನಾಗಿ ಹಾರಿದರೆ ನಪಾಸು. ರೇವನ್ ಕಂಪನಿಯ ಜಾಗಕ್ಕೆ ಬಂದ ಫೀನಿಕ್ಸ್ ಆರ್ಮ್ಸ್‌ನ ಎಚ್‌ಪಿ22 ಈ ಪರೀಕ್ಷೆಯಲ್ಲಿ ಪಾಸಾಗಿ ರಾಜ್ಯದ ಪಟ್ಟಿ ಸೇರಿತು. ಅದೂ ಸತುವಿನದೇ, ಅದೂ ಅಗ್ಗದ್ದೇ. ಪರೀಕ್ಷೆ ಬಂದಾಗ ಅಗ್ಗದ ವಸ್ತುವೂ ಸುಧಾರಿಸಿತು.

ದುಬಾರಿ ಅಂದಮಾತ್ರಕ್ಕೆ ಭದ್ರ ಅನ್ನುವಂತೆಯೂ ಇಲ್ಲ. ಸಿಗ್ ಸೌರ್ ಕಂಪನಿಯ ಪಿ320 ಅಗ್ಗದ ಪಿಸ್ತೂಲಲ್ಲ. ಅದರ ಸೇನಾ ರೂಪವನ್ನು ಅಮೆರಿಕದ ಸೇನೆ 2017ರ ಜನವರಿಯಲ್ಲಿ ಆರಿಸಿತ್ತು. ಅದೇ ವರ್ಷ ಆಗಸ್ಟಿನಲ್ಲಿ, ಜನರಿಗೆ ಮಾರಿದ ಪಿ320 ಕೆಲವು ಕೋನಗಳಲ್ಲಿ ಬಿದ್ದರೆ ಗುಂಡು ಹಾರಬಹುದು ಅನ್ನುವುದು ಬಯಲಾಗಿ, ಕಂಪನಿ ಭಾಗಗಳನ್ನು ಬದಲಿಸಿಕೊಡಲು ಮುಂದಾಯಿತು.

ಬೆಲೆ ಚೀಟಿ ನೋಡಿದರೆ ಗುಣ ಗೊತ್ತಾಗುವುದಿಲ್ಲ, ಹೊಳಪು ನೋಡಿದರೂ ಗೊತ್ತಾಗುವುದಿಲ್ಲ. ತಯಾರಕನ ಹಂಗಿಲ್ಲದ ಒಬ್ಬ ಪರೀಕ್ಷಕ ಇರಬೇಕು, ಅವನು ನೂರಾರು ಸಲ ಹಾರಿಸಿ, ಬೀಳಿಸಿ ನೋಡಿರಬೇಕು. ದುಡ್ಡಿದ್ದವರು ನಾಲ್ಕು ಕಡೆ ವಿಚಾರಿಸಿ ಕೊಳ್ಳುತ್ತಾರೆ, ಇಲ್ಲದವರು ಸಿಕ್ಕಿದ್ದನ್ನು ನಂಬಿ ಕೊಳ್ಳುತ್ತಾರೆ. ಆದ್ದರಿಂದ ಪರೀಕ್ಷೆಯ ಮುದ್ರೆ ಹೆಚ್ಚು ಬೇಕಾದದ್ದು ಅಗ್ಗದ ವಸ್ತುವಿಗೇ. ಪ್ರಯೋಗಾಲಯದಲ್ಲಿ ಆಗದ ಪರೀಕ್ಷೆ ಕೊನೆಗೆ ಯಾರದೋ ಮನೆಯಲ್ಲಿ ಆಗುತ್ತದೆ. 1994ರಲ್ಲಿ ಅದು ಆದದ್ದು ಏಳು ವರ್ಷದ ಮಗುವಿನ ಮೈಮೇಲೆ.