ಹಳೆಯ ಕಾರು ಮೈಲೇಜ್ ಕೊಡುತ್ತಿಲ್ಲವೇ? ಬಿಡಿಭಾಗ ಬದಲಿಸುವ ಮೊದಲು ಹೀಗೆ ಪರೀಕ್ಷಿಸಿ

ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಒಂದೆರಡು ತಿಂಗಳಾಗಿದೆ ಎಂದುಕೊಳ್ಳಿ. ‘ಲೀಟರಿಗೆ ಹದಿನಾರು ಗ್ಯಾರಂಟಿ’ ಎಂದು ಮಾರಿದವರು ಹೇಳಿದ್ದರು. ನಿಮಗೆ ಸಿಗುತ್ತಿರುವುದು ಹನ್ನೆರಡು. ತಿಂಗಳಿಗೆ 800 ಕಿ.ಮೀ. ಓಡಿಸುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. 16ರ ಲೆಕ್ಕದಲ್ಲಿ 50 ಲೀಟರ್ ಸಾಕು, 12ರ ಲೆಕ್ಕದಲ್ಲಿ ಸುಮಾರು 67 ಲೀಟರ್ ಬೇಕು. ಲೀಟರಿಗೆ 100 ರೂ. ಎಂದು ಹಿಡಿದರೂ ವರ್ಷಕ್ಕೆ ಸುಮಾರು 20 ಸಾವಿರ ರೂ. ಹೆಚ್ಚುವರಿ ಖರ್ಚು.

ಇಂಥ ಹೊತ್ತಿನಲ್ಲಿ ಸಲಹೆಗಳಿಗೆ ಬರವಿರುವುದಿಲ್ಲ. ಒಬ್ಬರು ಪ್ಲಗ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಆಕ್ಸಿಜನ್ ಸೆನ್ಸರ್ ಹೋಗಿದೆ ಎನ್ನುತ್ತಾರೆ, ಮತ್ತೊಬ್ಬರು ಪೆಟ್ರೋಲಿಗೆ ಬೆರೆಸುವ ಸಣ್ಣ ಬಾಟಲಿ ತೋರಿಸುತ್ತಾರೆ. ಹೀಗೆ ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋದರೆ ಉಳಿಸಬೇಕೆಂದಿದ್ದ ಹಣ ಗ್ಯಾರೇಜಿಗೇ ಹೋಗುತ್ತದೆ. ಮೊದಲು ಸರಿಯಾಗಿ ಅಳೆಯಬೇಕು. ಆಮೇಲೆ ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನ ಪರೀಕ್ಷೆಯತ್ತ ಹೋಗಬೇಕು. ಇಲ್ಲಿ ಹೇಳಿರುವುದು ಇಂಜೆಕ್ಷನ್ ವ್ಯವಸ್ಥೆಯ ಪೆಟ್ರೋಲ್ ಕಾರುಗಳ ಬಗ್ಗೆ.

ನಿಜವಾಗಿಯೂ ಮೈಲೇಜ್ ಕಡಿಮೆಯೇ?

ಡ್ಯಾಶ್‌ಬೋರ್ಡ್ ತೋರಿಸುವ ಸಂಖ್ಯೆಯನ್ನೋ, 500 ರೂಪಾಯಿ ಪೆಟ್ರೋಲ್ ಎಷ್ಟು ದೂರ ಬಂತು ಎಂಬ ಅಂದಾಜನ್ನೋ ನಂಬಬೇಡಿ. ಬಂಕ್‌ನಲ್ಲಿ ಆಟೊ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. 300-400 ಕಿ.ಮೀ. ಓಡಿಸಿದ ನಂತರ ಸಾಧ್ಯವಾದರೆ ಅದೇ ಬಂಕ್‌ನಲ್ಲಿ ಮತ್ತೆ ಆಟೊ ಕಟ್‌ವರೆಗೆ ತುಂಬಿಸಿ. ಓಡಿದ ದೂರವನ್ನು ಈ ಸಲ ಹಿಡಿದ ಲೀಟರ್‌ಗಳಿಂದ ಭಾಗಿಸಿ. 372 ಕಿ.ಮೀ.ಗೆ 31 ಲೀಟರ್ ಹಿಡಿದರೆ ಮೈಲೇಜ್ 12. ಒಂದೇ ಸಲದ ಲೆಕ್ಕ ತಪ್ಪಬಹುದು, ಎರಡು ಮೂರು ಸಲದ ಸರಾಸರಿ ತೆಗೆಯಿರಿ.

ದೂರದ ಲೆಕ್ಕವೂ ಸರಿಯಿರಬೇಕು. ಹಿಂದಿನ ಮಾಲೀಕರು ಅಂದಕ್ಕೆಂದು ದೊಡ್ಡ ಅಳತೆಯ ಟಯರ್ ಹಾಕಿಸಿದ್ದರೆ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಓಡೋಮೀಟರ್ ಮಾತ್ರ ಕಡಿಮೆ ತೋರಿಸುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನೋ ಫೋನಿನ ಜಿಪಿಎಸ್ ಅನ್ನೋ ಇಟ್ಟುಕೊಂಡು 20-30 ಕಿ.ಮೀ. ಹೋಲಿಸಿ ನೋಡಿ. ಮೀಟರ್ ಶೇ. 5ರಷ್ಟು ಕಡಿಮೆ ತೋರಿಸಿದರೆ ನಿಮ್ಮ ಮೈಲೇಜ್ ಕೂಡ ಶೇ. 5ರಷ್ಟು ಕಡಿಮೆ ಕಾಣುತ್ತದೆ.

ಯಾವುದರ ಜೊತೆ ಹೋಲಿಸುತ್ತಿದ್ದೀರಿ ಎನ್ನುವುದೂ ಮುಖ್ಯ. ಜಾಹೀರಾತಿನ ಎಆರ್‌ಎಐ ಮೈಲೇಜ್ ಪ್ರಯೋಗಾಲಯದಲ್ಲಿ ರೋಲರ್‌ಗಳ ಮೇಲೆ, ಎಸಿ ಇಲ್ಲದೆ ಅಳೆದದ್ದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದು ಸಿಗುವುದಿಲ್ಲ. ಎಸಿ ಹಾಕಿಕೊಂಡು ನಿಂತ ಸಣ್ಣ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಸುಡಬಹುದು. ಆ ಹೊತ್ತಿನಲ್ಲಿ ಓಡಿದ ದೂರ ಸೊನ್ನೆ. ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡಿಸುವವರ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಆದ್ದರಿಂದ ಹೆದ್ದಾರಿಯಲ್ಲಿ ಒಮ್ಮೆ, ಗಂಟೆಗೆ 70-80 ಕಿ.ಮೀ. ವೇಗದಲ್ಲಿ ಅಳೆದು ನೋಡಿ. ಹೆದ್ದಾರಿಯಲ್ಲಿ ಚೆನ್ನಾಗಿದ್ದು ಊರಿನೊಳಗೆ ಮಾತ್ರ ಕಡಿಮೆಯಾದರೆ ಮೊದಲು ಟ್ರಾಫಿಕ್ ಮೇಲೆ ಅನುಮಾನಪಡಿ. ಎರಡೂ ಕಡೆ ಕಡಿಮೆಯಾದರೆ ಕಾರನ್ನು ಪರೀಕ್ಷಿಸಬೇಕು.

ಇ20 ಪೆಟ್ರೋಲ್‌ನ ಪಾಲು ಎಷ್ಟು?

ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಹೆಚ್ಚಿನ ಬಂಕ್‌ಗಳಲ್ಲಿ ಸಿಗುವುದು ಅದೇ. ಒಂದು ಲೀಟರ್ ಎಥೆನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿಯಿದೆ. ಐದನೇ ಒಂದು ಭಾಗ ಎಥೆನಾಲ್ ಇದ್ದರೆ ಒಟ್ಟು ಶಕ್ತಿ ಶೇ. 6-7ರಷ್ಟು ಇಳಿಯುತ್ತದೆ. ಹಳೆಯ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ ಇಷ್ಟೇ ಪ್ರಮಾಣದಲ್ಲಿ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೂ ಅಂದಾಜಿಸಿತ್ತು.

ಅಂದರೆ 16 ಕೊಡುತ್ತಿದ್ದ ಕಾರು 15ಕ್ಕೆ ಇಳಿದರೆ ಅದಕ್ಕೆ ಇ20 ಕಾರಣವಿರಬಹುದು. 12ಕ್ಕೆ ಇಳಿದಿದ್ದರೆ ಬೇರೆ ಏನೋ ದೋಷವಿದೆ. ಎಥೆನಾಲ್ ಹಳೆಯ ರಬ್ಬರ್ ಪೈಪ್‌ಗಳನ್ನು ಹಾಳುಮಾಡಬಹುದು ಎಂಬುದನ್ನೂ ನೆನಪಿಡಿ. ನಿಂತ ಕಾರಿನ ಸುತ್ತ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮೈಲೇಜ್ ಲೆಕ್ಕ ಅಲ್ಲಿಗೇ ನಿಲ್ಲಿಸಿ. ಅದು ಬೆಂಕಿಯ ಅಪಾಯ. ಕಾರು ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ.

ಎಂಜಿನ್ ಬಾನೆಟ್ ತೆರೆಯುವ ಮೊದಲು ಚಕ್ರಗಳನ್ನು ನೋಡಿ

ಎಂಜಿನ್ ಚೆನ್ನಾಗಿದ್ದರೂ ಕಾರು ಸಲೀಸಾಗಿ ಉರುಳದಿದ್ದರೆ ಪೆಟ್ರೋಲ್ ಹೆಚ್ಚು ಬೇಕಾಗುತ್ತದೆ.

ಟಯರ್ ಗಾಳಿ: ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಇರುವ ಅಳತೆಯಷ್ಟು ಗಾಳಿಯನ್ನು ಟಯರ್ ತಣ್ಣಗಿದ್ದಾಗ ತುಂಬಿಸಿ. ನಾಲ್ಕೂ ಟಯರ್‌ಗಳಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ. 0.2ರಷ್ಟು ಇಳಿಯುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. 10 ಪಿಎಸ್‌ಐ ಕಡಿಮೆಯಿದ್ದರೂ ನಷ್ಟ ಶೇ. 2ರ ಆಸುಪಾಸು. ಗಾಳಿ ತುಂಬಿಸಲೇಬೇಕು, ಆದರೆ 12ರಿಂದ 16ಕ್ಕೆ ಏರುವುದು ಅದೊಂದರಿಂದಲೇ ಆಗದು.

ಬ್ರೇಕ್ ಹಿಡಿದುಕೊಂಡಿರುವುದು: ಹಳೆಯ ಕಾರುಗಳಲ್ಲಿ ತುಕ್ಕಿನಿಂದಲೋ ಕೊಳೆಯಿಂದಲೋ ಬ್ರೇಕ್ ಪೂರ್ತಿ ಬಿಡದಿರುವುದು ಸಾಮಾನ್ಯ. ಹತ್ತು ಕಿ.ಮೀ. ಓಡಿಸಿ, ಆದಷ್ಟು ಬ್ರೇಕ್ ಒತ್ತದೆ ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಮುಟ್ಟದಂತೆ ಅಂಗೈ ಹಿಡಿಯಿರಿ. ಎದುರಿನ ಚಕ್ರಕ್ಕಿಂತ ಒಂದು ಚಕ್ರದಲ್ಲಿ ಮಾತ್ರ ಝಳ ಹೆಚ್ಚಿದ್ದರೆ ಅಲ್ಲಿ ಬ್ರೇಕ್ ಉಜ್ಜುತ್ತಿದೆ. ಇದು ಹಣದ ಪ್ರಶ್ನೆ ಮಾತ್ರವಲ್ಲ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ, ಆದ್ದರಿಂದ ತಡಮಾಡಬೇಡಿ.

ಕ್ಲಚ್: ಟಾಪ್ ಗೇರ್‌ನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಎಂಜಿನ್ ಏನು ಹೇಳುತ್ತದೆ?

ಕೀ ತಿರುಗಿಸಿದಾಗ ‘ಚೆಕ್ ಎಂಜಿನ್’ ದೀಪ ಹೊತ್ತಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತುವುದೇ ಇಲ್ಲವಾದರೆ ದೀಪ ಕೆಟ್ಟಿರಬಹುದು, ದೋಷ ಮರೆಮಾಚಲು ಯಾರೋ ಸಂಪರ್ಕ ತಪ್ಪಿಸಿರಲೂಬಹುದು.

ಬಿಎಸ್-4 ಕಾಲದ ಬಹುತೇಕ ಕಾರುಗಳಲ್ಲಿ ಸ್ಟೀರಿಂಗ್ ಕೆಳಭಾಗದಲ್ಲಿ 16 ಪಿನ್‌ಗಳ ಓಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಣ್ಣ ಸ್ಕ್ಯಾನರ್ ಚುಚ್ಚಿ ಫೋನಿನಲ್ಲೇ ವಿವರ ನೋಡಬಹುದು. ದೋಷದ ಕೋಡ್ ಇಲ್ಲದಿದ್ದರೂ ಎರಡು ಸಂಖ್ಯೆಗಳನ್ನು ಗಮನಿಸಿ.

ಮೊದಲನೆಯದು ಕೂಲಂಟ್ ತಾಪಮಾನ. ಕಾಲು ಗಂಟೆ ಓಡಿಸಿದ ಮೇಲೆ ಅದು ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲಬೇಕು. ಹೆದ್ದಾರಿಯಲ್ಲಿ 60-70ಕ್ಕೆ ಇಳಿಯುತ್ತಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಎಂದರ್ಥ. ಕಾರು ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ತೆಗೆದುಹಾಕುವ ಪದ್ಧತಿ ನಮ್ಮ ಗ್ಯಾರೇಜುಗಳಲ್ಲಿ ಹೊಸದಲ್ಲ. ಹಾಗಾದಾಗ ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸಿಂಪಡಿಸುತ್ತಲೇ ಇರುತ್ತದೆ. ತಾಪಮಾನದ ಸೆನ್ಸರ್ ಸುಳ್ಳು ಹೇಳಿದರೂ ಪರಿಣಾಮ ಇದೇ. ಎರಡೂ ದುಬಾರಿ ಭಾಗಗಳಲ್ಲ.

ಎರಡನೆಯದು ಫ್ಯೂಯಲ್ ಟ್ರಿಮ್. ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು 1 ಕೆ.ಜಿ.ಗೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಸೈಲೆನ್ಸರ್‌ನತ್ತ ಹೋಗುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಆಕ್ಸಿಜನ್ ಸೆನ್ಸರ್ ಹೇಳುತ್ತದೆ. ಅದನ್ನು ನೋಡಿ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಆ ತಿದ್ದುಪಡಿಯೇ ಟ್ರಿಮ್. ಅದು ಹತ್ತರೊಳಗೆ, ಹೆಚ್ಚೇ ಇರಲಿ ಕಡಿಮೆಯೇ ಇರಲಿ, ಇದ್ದರೆ ಚಿಂತೆಯಿಲ್ಲ.

ಟ್ರಿಮ್ ಬಹಳ ಋಣಾತ್ಮಕವಾಗಿದ್ದರೆ ಎಲ್ಲಿಂದಲೋ ಹೆಚ್ಚು ಪೆಟ್ರೋಲ್ ಬರುತ್ತಿದೆ, ಕಂಪ್ಯೂಟರ್ ಅದನ್ನು ಕಡಿತಗೊಳಿಸಲು ಹೆಣಗುತ್ತಿದೆ. ಸೋರುವ ಇಂಜೆಕ್ಟರ್ ಅಥವಾ ತಪ್ಪು ಲೆಕ್ಕ ಕೊಡುವ ಗಾಳಿಯ ಸೆನ್ಸರ್ ಕಾರಣವಿರಬಹುದು. ಟ್ರಿಮ್ ಬಹಳ ಧನಾತ್ಮಕವಾಗಿದ್ದರೆ ಗಾಳಿ ಹೆಚ್ಚಾಗಿದೆ ಎಂದು ಕಂಪ್ಯೂಟರ್ ಭಾವಿಸಿದೆ. ಐಡಲ್‌ನಲ್ಲಿ 20ರಷ್ಟಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸರಿಯಾದರೆ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಹುಡುಕಿ. ಸೆನ್ಸರ್‌ಗೆ ಮೊದಲೇ ಎಕ್ಸಾಸ್ಟ್ ಪೈಪಿನಲ್ಲಿ ತೂತಿದ್ದರೂ ಹೊರಗಾಳಿ ನುಗ್ಗಿ ಸೆನ್ಸರ್ ಮೋಸಹೋಗುತ್ತದೆ. ಆದ್ದರಿಂದ ಕೋಡ್‌ನಲ್ಲಿ ಆಕ್ಸಿಜನ್ ಸೆನ್ಸರ್ ಹೆಸರು ಬಂದ ಮಾತ್ರಕ್ಕೆ ಅದನ್ನೇ ಬದಲಿಸಬೇಡಿ. ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು.

ಎಂಜಿನ್ ನಡುಗುತ್ತಿದ್ದರೆ ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್ ಪರೀಕ್ಷಿಸಿ. ಉರಿಯದೆ ಹೊರಬರುವ ಪೆಟ್ರೋಲ್ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸುಡುತ್ತದೆ. ಇಷ್ಟೆಲ್ಲ ಸರಿಯಿದ್ದೂ ಮೈಲೇಜ್ ಬಾರದಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಒಂದು ಸಿಲಿಂಡರ್‌ನ ಒತ್ತಡ ಉಳಿದವುಗಳಿಗಿಂತ ಬಹಳ ಕಡಿಮೆಯಿದ್ದರೆ ಎಂಜಿನ್ನೇ ಸವೆದಿದೆ. ಆಗ ದುರಸ್ತಿಯ ಖರ್ಚನ್ನು ಕಾರಿನ ಬೆಲೆಯೊಂದಿಗೆ ತೂಗಿ ನೋಡಬೇಕು.

ಕೆಲವು ನಂಬಿಕೆಗಳು, ನಿಜಗಳು

‘ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ.’ ಕಾರ್ಬುರೇಟರ್ ಕಾಲದಲ್ಲಿ ಇದು ನಿಜವಾಗಿತ್ತು. ಇಂಜೆಕ್ಷನ್ ಕಾರುಗಳಲ್ಲಿ ಗಾಳಿ ಕಡಿಮೆಯಾದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಕೊಳೆ ಫಿಲ್ಟರ್‌ನಿಂದ ಪಿಕಪ್ ತಗ್ಗುತ್ತದೆ, ಮೈಲೇಜ್ ಹೆಚ್ಚೇನೂ ಬದಲಾಗದು ಎಂಬುದನ್ನು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಆದರೂ ಎಂಜಿನ್‌ಗೆ ಧೂಳು ಹೋಗದಂತೆ ಅವಧಿಗೆ ಸರಿಯಾಗಿ ಬದಲಿಸಿ.

‘ಬೆಳಿಗ್ಗೆ ತುಂಬಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆ.’ ಪೆಟ್ರೋಲ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.1ರಷ್ಟು ಹಿಗ್ಗುವುದು ನಿಜ. ಆದರೆ ಬಂಕ್‌ನ ಟ್ಯಾಂಕ್ ನೆಲದೊಳಗಿರುತ್ತದೆ, ಅಲ್ಲಿನ ಉಷ್ಣತೆ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಹೆಚ್ಚು ಬದಲಾಗುವುದಿಲ್ಲ.

‘ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಉಳಿತಾಯ.’ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಷನ್ ಕಾರು ಪೆಟ್ರೋಲ್ ಪೂರೈಕೆಯನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಪೆಟ್ರೋಲ್ ಬೇಕು. ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ ನ್ಯೂಟ್ರಲ್ ಹಾಕಿದರೆ ಎಂಜಿನ್‌ನ ತಡೆಯೂ ಸಿಗದೆ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ.

‘ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಚೆನ್ನಾಗಿ ಉರಿಯುತ್ತದೆ.’ ಸರಿಯಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಈಗಾಗಲೇ ಬಹುತೇಕ ಪೂರ್ತಿ ಉರಿಯುತ್ತದೆ. ಅಯಸ್ಕಾಂತಕ್ಕೆ ಉಳಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಕೊನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಟ್ಯಾಂಕ್ ತುಂಬಿಸಿ ಅಳೆಯಿರಿ. ದಿನಾಂಕ, ಕಿಲೋಮೀಟರ್, ಲೀಟರ್ ಬರೆದಿಡುವ ಒಂದು ಸಣ್ಣ ಪುಸ್ತಕ ಕಾರಿನಲ್ಲಿರಲಿ. ಮೆಕ್ಯಾನಿಕ್ ಬಳಿ ಹೋದಾಗ ‘ಮೈಲೇಜ್ ಬರುತ್ತಿಲ್ಲ’ ಎನ್ನುವ ಬದಲು ‘ಹೆದ್ದಾರಿಯಲ್ಲೂ 12 ಇದೆ, ತಾಪಮಾನ 65 ದಾಟುತ್ತಿಲ್ಲ’ ಎಂದು ಹೇಳಿದರೆ ಯಾವ ಭಾಗ ನೋಡಬೇಕೆಂದು ಅವರಿಗೂ ಗೊತ್ತಾಗುತ್ತದೆ.