ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಧೂಳಿನ ಮಾಪನ: ಒಂದು ಚಾರಿತ್ರಿಕ ಟಿಪ್ಪಣಿ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯಲ್ಲಿ ಎರಡು ಅಳತೆಗಳು ಪ್ರಸಿದ್ಧವಾಗಿವೆ: ಹೊರತೆಗೆದ ಚಿನ್ನದ ತೂಕ ಮತ್ತು ಮೂರು ಕಿಲೋಮೀಟರಿಗೂ ಮಿಕ್ಕ ಚಾಂಪಿಯನ್ ರೀಫ್ ಗಣಿಯ ಆಳ. ಕಾರ್ಮಿಕನು ಉಸಿರಾಡಿದ ಧೂಳು ಮೂರನೆಯ ಅಳತೆ. ಅದರ ಚರಿತ್ರೆ ಅಷ್ಟು ಪರಿಚಿತವಲ್ಲ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಪ್ರವೇಶಿಸಿದ ತರುವಾಯ ಗಣಿಗಾರಿಕೆ ವ್ಯಾಪಕವಾಯಿತು. ಬೆಣಚುಕಲ್ಲನ್ನು ಕೊರೆದು ಸಿಡಿಸುವಾಗ ಏಳುವ ಸಿಲಿಕಾದ ಸೂಕ್ಷ್ಮ ಕಣಗಳು ಶ್ವಾಸಕೋಶದಲ್ಲಿ ನೆಲೆನಿಂತು ಸಿಲಿಕೋಸಿಸ್ ರೋಗವನ್ನುಂಟುಮಾಡುತ್ತವೆ. ಈ ಹಾನಿಯನ್ನು ಸರಿಪಡಿಸಲಾಗದು. 1940ರಿಂದ 1946ರವರೆಗೆ ಇಲ್ಲಿ ಪರೀಕ್ಷೆಗೊಳಗಾದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಪೈಕಿ ಶೇ. 40ಕ್ಕೂ ಮಿಕ್ಕವರಲ್ಲಿ ಈ ರೋಗ ಕಂಡುಬಂದಿತು. ಅಂದರೆ ಕಾರ್ಮಿಕನ ಎದೆಯೇ ಮಾಪಕವಾಗಿ, ಹಾನಿಯಾದ ಮೇಲೆ ಧೂಳಿನ ಲೆಕ್ಕ ಒಪ್ಪಿಸಿತು.

ಒಂದೆಡೆ ಇರಿಸಿದ ಉಪಕರಣವು ಆ ಸ್ಥಳದ ಗಾಳಿಯನ್ನಷ್ಟೇ ತಿಳಿಸುತ್ತದೆ. 1960ರಲ್ಲಿ ಇಂಗ್ಲೆಂಡಿನ ಷರ್‌ವುಡ್ ಮತ್ತು ಗ್ರೀನ್‌ಹಾಲ್ಘ್ ಅವರು ಮೈಮೇಲೆ ಧರಿಸಬಲ್ಲ ಪುಟ್ಟ ಪಂಪು ಹಾಗೂ ಶೋಧಕವುಳ್ಳ ಉಪಕರಣವನ್ನು ವಿವರಿಸಿದರು. ಅದು ವ್ಯಕ್ತಿಯೊಡನೆ ಸಂಚರಿಸಿ, ಅವನು ಉಸಿರಾಡುವ ಗಾಳಿಯನ್ನೇ ಅಳೆಯುತ್ತದೆ.

2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಸೈನೈಡ್ ಗುಡ್ಡಗಳು ಉಳಿದವು. ಒಣಗಾಳಿ ಬೀಸಿದಾಗ ಅವುಗಳ ನುಣುಪು ಧೂಳು ಕಾರ್ಮಿಕರ ಕಾಲೊನಿಗಳತ್ತ ಹಾರುತ್ತದೆ. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವನು ಉಸಿರಾಡುವ ಧೂಳಿನ ಪ್ರಮಾಣವೂ ದಿನವಿಡೀ ಗುಡ್ಡದ ಮಗ್ಗುಲಲ್ಲೇ ಇರುವ ವೃದ್ಧೆಯದೂ ಒಂದೇ ಆಗಿರಲಾರವು. ಆದುದರಿಂದ ಇಲ್ಲಿನ ಮಾಪನವು ಊರಿನ ಸರಾಸರಿಗೆ ನಿಲ್ಲದೆ ಜನರ ದಿನಚರಿಯನ್ನು ಹಿಂಬಾಲಿಸಬೇಕು. ಎದೆ ಲೆಕ್ಕ ಒಪ್ಪಿಸುವ ಮುನ್ನವೇ ಗಾಳಿಯನ್ನು ಅಳೆಯಬೇಕೆಂಬುದು 1940ರ ದಶಕದ ಪಾಠ.