ಪವರ್ ಟಿಲ್ಲರ್ ನಿರ್ವಹಣೆ: ಬಿಡಿಭಾಗಗಳ ವೆಚ್ಚ ತಗ್ಗಿಸುವ ಕ್ರಮಗಳು

ಮಲೆನಾಡು ಹಾಗೂ ಕರಾವಳಿಯ ಸಣ್ಣ ಗದ್ದೆಗಳಲ್ಲಿ ಉಳುಮೆ ಮತ್ತು ಕೆಸರು ಮಾಡುವ ಕೆಲಸಕ್ಕೆ ಅನೇಕ ರೈತರು ಪವರ್ ಟಿಲ್ಲರನ್ನು ಅವಲಂಬಿಸಿದ್ದಾರೆ. ನಾಟಿಯ ವಾರದಲ್ಲಿ ಯಂತ್ರ ನಿಂತರೆ ಸಸಿಮಡಿಯಲ್ಲಿ ಸಸಿಯ ವಯಸ್ಸು ಮೀರುತ್ತದೆ. ಆ ಅವಸರದಲ್ಲಿ ಅಂಗಡಿಯವರು ಕೊಟ್ಟ ಭಾಗವನ್ನು ಹೇಳಿದ ಬೆಲೆಗೆ ಕೊಳ್ಳಬೇಕಾಗುತ್ತದೆ. ಯಾವ ಭಾಗದಲ್ಲಿ ಹಣ ಉಳಿಸಬಹುದು, ಯಾವುದರಲ್ಲಿ ಉಳಿಸಬಾರದು ಎಂಬುದನ್ನು ಮೊದಲೇ ತಿಳಿದಿದ್ದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಇಲ್ಲಿನ ಹೆಚ್ಚಿನ ಕ್ರಮಗಳು ಡೀಸೆಲ್ ಪಂಪ್‌ಸೆಟ್‌ಗಳಿಗೂ ಅನ್ವಯಿಸುತ್ತವೆ.

1. ಕೊಳ್ಳುವ ಮುನ್ನ ದೋಷವನ್ನು ಗುರುತಿಸಿ

• ಕಪ್ಪು ಹೊಗೆ: ಮೊದಲು ಏರ್ ಫಿಲ್ಟರನ್ನು ಸ್ವಚ್ಛಗೊಳಿಸಿ. ಆಯಿಲ್ ಬಾತ್ ಮಾದರಿಯಾದರೆ ಅದರ ಎಣ್ಣೆಯನ್ನು ಬದಲಿಸಿ. ಆಮೇಲೂ ಹೊಗೆ ನಿಲ್ಲದಿದ್ದರೆ ನಾಜಲನ್ನು ಡೀಸೆಲ್ ಪಂಪ್ ದುರಸ್ತಿ ಕೇಂದ್ರದಲ್ಲಿ ಪರೀಕ್ಷಿಸಿ. ಕೆಲವೊಮ್ಮೆ ಒತ್ತಡ ಸರಿಪಡಿಸಿದರೆ ಸಾಕಾಗುತ್ತದೆ.
• ನೀಲಿ ಹೊಗೆ: ಎಂಜಿನ್ ಆಯಿಲ್ ಮೇಲಿನ ಗುರುತನ್ನು ಮೀರಿದೆಯೇ ನೋಡಿ. ಮಟ್ಟ ಸರಿಯಿದ್ದರೆ ಮಾತ್ರ ಪಿಸ್ಟನ್ ರಿಂಗ್ ಸವೆತವನ್ನು ಶಂಕಿಸಿ.
• ಸ್ಟಾರ್ಟ್ ಆಗದಿರುವುದು: ಇಂಧನ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಗಾಳಿ ತೆಗೆದು, ಇಂಧನ ಫಿಲ್ಟರನ್ನು ಪರಿಶೀಲಿಸಿ.
• ಬೆಲ್ಟ್ ಜಾರುವುದು: ಬಿಗಿತ, ಪುಲ್ಲಿಗಳ ನೇರ ಹಾಗೂ ಎಣ್ಣೆ ಸೋರಿಕೆಯನ್ನು ನೋಡಿ. ಸೋರಿಕೆ ನಿಲ್ಲಿಸದೆ ಹಾಕಿದ ಹೊಸ ಬೆಲ್ಟ್ ಕೂಡ ಬೇಗನೆ ಹಾಳಾಗುತ್ತದೆ.

2. ಸಂಖ್ಯೆ ನೋಡಿ ಕೊಳ್ಳಬಹುದಾದ ಭಾಗಗಳು

ಬೇರಿಂಗ್, ಆಯಿಲ್ ಸೀಲ್ ಮತ್ತು ವಿ-ಬೆಲ್ಟ್‌ಗಳು ಸಾಮಾನ್ಯವಾಗಿ ಪ್ರಮಾಣಿತ ಅಳತೆಯವು. ಹಳೆಯ ಭಾಗದ ಮೇಲಿನ ಸಂಖ್ಯೆಯನ್ನು ಬರೆದುಕೊಂಡರೆ, ಟಿಲ್ಲರ್ ಕಂಪನಿಯ ಪೆಟ್ಟಿಗೆಯಲ್ಲೇ ಬರಬೇಕೆಂದಿಲ್ಲ. ಹೆಸರಾಂತ ತಯಾರಕರ ಅದೇ ಸಂಖ್ಯೆಯ ಭಾಗವನ್ನು ಬೇರಿಂಗ್ ಅಂಗಡಿಯಲ್ಲಿ ಕೊಳ್ಳಬಹುದು.

• ಬೇರಿಂಗ್: 6205 ಎಂದಿದ್ದರೆ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ. ಸಂಖ್ಯೆಯ ನಂತರದ ಅಕ್ಷರಗಳನ್ನೂ ಬರೆದುಕೊಳ್ಳಿ. ಅವು ಮುಚ್ಚಳದ ಬಗೆ ಮತ್ತು ಒಳಗಿನ ಸಡಿಲವನ್ನು ಸೂಚಿಸುತ್ತವೆ.
• ಆಯಿಲ್ ಸೀಲ್: 35-52-7 ಎಂದರೆ ಶಾಫ್ಟ್ ವ್ಯಾಸ 35, ಹೊರವ್ಯಾಸ 52, ದಪ್ಪ 7 ಮಿ.ಮೀ. ಶಾಫ್ಟ್ ಮೇಲೆ ಗೀರು ಬಿದ್ದಿದ್ದರೆ ಹೊಸ ಸೀಲ್ ಸಹ ಸೋರುತ್ತದೆ. ಸ್ಥಳಾವಕಾಶವಿದ್ದಲ್ಲಿ ಸೀಲನ್ನು ತುಸು ಸರಿಸಿ ಕೂರಿಸಬೇಕು.
• ವಿ-ಬೆಲ್ಟ್: ಬಿ 60 ಎಂದರೆ ಬಿ ವರ್ಗದ, 60 ಇಂಚು ಒಳ ಉದ್ದದ ಬೆಲ್ಟ್. ಜೋಡಿಯಾಗಿ ಓಡುವ ಬೆಲ್ಟ್‌ಗಳನ್ನು ಒಂದೇ ತಯಾರಕರಿಂದ ಕೊಂಡು ಒಟ್ಟಿಗೆ ಬದಲಿಸಿ. ಹಳತು-ಹೊಸತು ಬೆರೆತರೆ ಭಾರವೆಲ್ಲ ಹೊಸ ಬೆಲ್ಟ್ ಮೇಲೆ ಬೀಳುತ್ತದೆ.

3. ಉಳಿತಾಯ ಸಲ್ಲದ ಭಾಗಗಳು

ಪಿಸ್ಟನ್ ರಿಂಗ್, ಲೈನರ್, ನಾಜಲ್, ಹೆಡ್ ಗ್ಯಾಸ್ಕೆಟ್, ಕನೆಕ್ಟಿಂಗ್ ರಾಡ್ ಬೇರಿಂಗ್ ಮತ್ತು ಫಿಲ್ಟರ್‌ಗಳಲ್ಲಿ ಅಗ್ಗದ ನಕಲನ್ನು ಬಳಸಬಾರದು. ಕಳಪೆ ಫಿಲ್ಟರ್ ದಾಟಿದ ಧೂಳು ರಿಂಗ್ ಮತ್ತು ಲೈನರ್ ಎರಡನ್ನೂ ಸವೆಸುತ್ತದೆ. ಕ್ರ್ಯಾಂಕ್ ಶಾಫ್ಟನ್ನು ಗ್ರೈಂಡ್ ಮಾಡಿಸಿದ್ದರೆ ಮೂಲ ಅಳತೆಯ ಬೇರಿಂಗ್ ಹೊಂದದು, 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಬೇಕಾಗಬಹುದು. ಆದುದರಿಂದ ಅಳತೆ ತೆಗೆಸಿದ ನಂತರವೇ ಕೊಳ್ಳಿ. ವಾರಂಟಿ ಅವಧಿಯಲ್ಲಿ ಅಧಿಕೃತ ಮಾರಾಟಗಾರರಲ್ಲೇ ದುರಸ್ತಿ ಮಾಡಿಸುವುದು ಸೂಕ್ತ.

4. ಖರೀದಿಯಲ್ಲಿ ಗಮನಿಸಬೇಕಾದ ಅಂಶಗಳು

• ಯಂತ್ರದ ಮಾದರಿ, ಎಂಜಿನ್ ಸಂಖ್ಯೆ ಹಾಗೂ ಬದಲಿಸಿದ ಭಾಗಗಳ ಸಂಖ್ಯೆ, ದಿನಾಂಕ ಮತ್ತು ಬೆಲೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ.
• ಬೆಲ್ಟ್, ಫಿಲ್ಟರ್, ರೋಟರಿ ಬ್ಲೇಡ್ ಮತ್ತು ಅದರ ಬೋಲ್ಟ್‌ಗಳನ್ನು ಮುಂಗಾರಿಗೆ ಮುನ್ನವೇ ತಂದಿಡಿ. ಎಡ ಮತ್ತು ಬಲ ಬ್ಲೇಡ್‌ಗಳು ಬೇರೆ ಬೇರೆ; ಎಣಿಸಿ ಕೊಳ್ಳಿ.
• ಒಂದೇ ಮಾದರಿಯ ಟಿಲ್ಲರ್ ಇರುವ ನೆರೆಹೊರೆಯವರು ಅಪರೂಪಕ್ಕೆ ಬೇಕಾಗುವ ಭಾಗಗಳನ್ನು ಜಂಟಿಯಾಗಿ ಇಟ್ಟುಕೊಳ್ಳಬಹುದು.
• ರಸೀದಿ ಪಡೆಯಿರಿ. ಬಿಚ್ಚಿದ ಹಳೆಯ ಭಾಗವನ್ನು ಮೆಕ್ಯಾನಿಕ್‌ನಿಂದ ಕೇಳಿ ಪಡೆದು ಸವೆತವನ್ನು ಸ್ವತಃ ನೋಡಿ.

ವಿಸ್ತರಣಾ ಕಾರ್ಯಕರ್ತರು ಬೇಸಿಗೆಯ ತರಬೇತಿಗಳಲ್ಲಿ ಹಳೆಯ ಬೇರಿಂಗ್, ಸೀಲ್ ಮತ್ತು ಬೆಲ್ಟ್‌ಗಳನ್ನು ರೈತರ ಕೈಗಿತ್ತು ಸಂಖ್ಯೆ ಓದುವುದನ್ನು ಅಭ್ಯಾಸ ಮಾಡಿಸುವುದು ಉಪಯುಕ್ತ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿ.